ಹಾರ್ಡ್ ಡಿಸ್ಕಿನ ಸೆಕ್ಟರ್ ಪರಿಮಾಣ ಮತ್ತು ಕಡತವ್ಯವಸ್ಥೆಯ ಹೊಂದಾಣಿಕೆ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದ ಹಾರ್ಡ್ ಡಿಸ್ಕುಗಳಲ್ಲಿ ಸಂಗ್ರಹಿಸಿಡುವುದು ಈಗ ವಾಡಿಕೆಯಾಗಿದೆ. ಓಲೆಗರಿಯ ಅಂಚು ಮುರಿದು ಅಕ್ಷರಗಳು ಉದುರಿಹೋದ ಮೇಲೆ, ಅದಕ್ಕೂ ಮೊದಲು ತೆಗೆದಿಟ್ಟ ಚಿತ್ರವೊಂದೇ ಆ ಪಾಠಕ್ಕೆ ಉಳಿದ ಆಧಾರವಾಗುವ ಸಂದರ್ಭಗಳುಂಟು. ಆದುದರಿಂದ ಡಿಸ್ಕಿನ ರಚನೆಯನ್ನು ಕುರಿತ ಸ್ಥೂಲವಾದ ತಿಳಿವಳಿಕೆ ಹಸ್ತಪ್ರತಿಗಳ ರಕ್ಷಣೆಯಲ್ಲಿ ತೊಡಗಿದವರಿಗೆ ಇಂದು ಅವಶ್ಯವಾಗಿದೆ.

ಡಿಸ್ಕು ಕೆಟ್ಟಿಲ್ಲ, ಅದರಲ್ಲಿರುವ ಒಂದು ಬೈಟೂ ಅಳಿದಿಲ್ಲ, ಆದರೂ ಗಣಕಯಂತ್ರವು ಅದರಲ್ಲಿ ಏನೂ ಇಲ್ಲವೆಂಬಂತೆ ವರ್ತಿಸುತ್ತದೆ. ಇಂತಹ ಸ್ಥಿತಿಗೆ ಇರುವ ಕಾರಣಗಳಲ್ಲಿ ಒಂದು, ಸೆಕ್ಟರ್ ಪರಿಮಾಣದ ವ್ಯತ್ಯಾಸ. ಈ ವ್ಯತ್ಯಾಸವು ಹೇಗೆ ಉಂಟಾಯಿತು, ಯಾವ ಸಂದರ್ಭದಲ್ಲಿ ಬಾಧಕ, ಯಾವ ಸಂದರ್ಭದಲ್ಲಿ ಅಲ್ಲ, ಬಾಧಕವಾದಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಸೆಕ್ಟರ್ ಎಂದರೇನು?

ಹಾರ್ಡ್ ಡಿಸ್ಕಿನ ಒಳಗೆ ಕಾಂತೀಯ ಲೇಪನವುಳ್ಳ ಬಿಲ್ಲೆಗಳಿರುತ್ತವೆ. ಬಿಲ್ಲೆಯ ಮೇಲೆ ಒಂದೇ ಕೇಂದ್ರವುಳ್ಳ ಅನೇಕ ವರ್ತುಲಗಳಿದ್ದು, ಪ್ರತಿಯೊಂದು ವರ್ತುಲವನ್ನೂ ಸಣ್ಣ ಖಂಡಗಳಾಗಿ ವಿಂಗಡಿಸಿರುತ್ತಾರೆ. ಈ ಖಂಡವೇ ಸೆಕ್ಟರು. ಡಿಸ್ಕು ಒಂದೇ ಒಂದು ಬೈಟನ್ನು ಪ್ರತ್ಯೇಕವಾಗಿ ಓದಲಾರದು, ಬರೆಯಲಾರದು. ಅದರ ಕನಿಷ್ಠ ವ್ಯವಹಾರವೆಲ್ಲ ಸೆಕ್ಟರಿನ ಲೆಕ್ಕದಲ್ಲಿಯೇ. ಸೆಕ್ಟರುಗಳಿಗೆ ಸೊನ್ನೆಯಿಂದ ಮೊದಲ್ಗೊಂಡು ಕ್ರಮಾಂಕಗಳಿರುತ್ತವೆ. ಗಣಕಯಂತ್ರವು ಡಿಸ್ಕನ್ನು ಕೇಳುವುದು 'ಇಂತಹ ಕ್ರಮಾಂಕದ ಸೆಕ್ಟರನ್ನು ಕೊಡು' ಎಂದು ಮಾತ್ರ. ಓಲೆಯ ಕಟ್ಟಿನಲ್ಲಿ ಗರಿಯ ಅಂಕ ಹೇಗೋ ಡಿಸ್ಕಿನಲ್ಲಿ ಸೆಕ್ಟರಿನ ಕ್ರಮಾಂಕ ಹಾಗೆ.

ಸೆಕ್ಟರಿನ ಅಳತೆ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ೩೫೦ ಎಂಬ ಡಿಸ್ಕಿನಲ್ಲಿ ೫೦ ಬಿಲ್ಲೆಗಳಿದ್ದು, ತಲಾ ೧೦೦ ಅಕ್ಷರಗಳ ೫೦,೦೦೦ ಖಂಡಗಳಿದ್ದವು. ಒಟ್ಟು ೫೦ ಲಕ್ಷ ಅಕ್ಷರಗಳು. ಅದೇ ಸಂಸ್ಥೆಯು ೧೯೬೪ರಲ್ಲಿ ಪ್ರಕಟಿಸಿದ ಸಿಸ್ಟಂ/೩೬೦ ಯಂತ್ರಗಳ ಡಿಸ್ಕುಗಳಲ್ಲಿ ಖಂಡದ ಉದ್ದವನ್ನು ಬಳಸುವವರೇ ನಿರ್ಧರಿಸಿಕೊಳ್ಳಬಹುದಾಗಿತ್ತು. ೧೯೮೧ರ ಐಬಿಎಂ ಪಿಸಿಯ ಫ್ಲಾಪಿಯಲ್ಲಿ ಸೆಕ್ಟರಿಗೆ ೫೧೨ ಬೈಟುಗಳೆಂದಾಯಿತು. ೧೯೮೩ರ ಪಿಸಿ ಎಕ್ಸ್‌ಟಿಯ ೧೦ ಮೆಗಾಬೈಟಿನ ಹಾರ್ಡ್ ಡಿಸ್ಕಿನಲ್ಲಿಯೂ ಅದೇ ಅಳತೆ ಮುಂದುವರಿಯಿತು. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ವೈಯಕ್ತಿಕ ಗಣಕಯಂತ್ರಗಳ ಡಿಸ್ಕುಗಳಲ್ಲಿ ೫೧೨ ಎಂಬುದು ರೂಢಿಯಾಗಿ ನಿಂತಿತು. ರೂಢಿಯು ಬಲವಾದಂತೆ ಅನೇಕ ಕ್ರಮವಿಧಿಗಳಲ್ಲಿ ಈ ಅಂಕೆಯನ್ನು ಪ್ರಶ್ನೆಯಿಲ್ಲದೆ ಸೇರಿಸಿಬಿಟ್ಟರು. ಮುಂದಿನ ತೊಡಕುಗಳಿಗೆಲ್ಲ ಮೂಲ ಇದೇ.

೨. ೫೧೨ರಿಂದ ೪೦೯೬ಕ್ಕೆ

ಪ್ರತಿಯೊಂದು ಸೆಕ್ಟರಿನಲ್ಲಿ ನಮ್ಮ ದತ್ತಾಂಶದ ಜೊತೆಗೆ ಡಿಸ್ಕಿನ ಸ್ವಂತ ಉಪಯೋಗಕ್ಕಾಗಿ ಬೇರೆ ಸಂಗತಿಗಳೂ ಇರುತ್ತವೆ: ಎರಡು ಸೆಕ್ಟರುಗಳ ನಡುವೆ ತೆರಪು, ಸೆಕ್ಟರಿನ ಆರಂಭವನ್ನು ಗುರುತಿಸುವ ಚಿಹ್ನೆ, ಓದುವಾಗ ತಲೆದೋರುವ ತಪ್ಪನ್ನು ಕಂಡುಹಿಡಿದು ತಿದ್ದುವ ದೋಷಪರಿಹಾರ ಸಂಕೇತ. ೫೧೨ ಬೈಟಿನ ಸೆಕ್ಟರಿನಲ್ಲಿ ತೆರಪು ಮತ್ತು ಚಿಹ್ನೆಗಳಿಗೆ ಸುಮಾರು ೧೫ ಬೈಟುಗಳೂ ದೋಷಪರಿಹಾರಕ್ಕೆ ಸುಮಾರು ೫೦ ಬೈಟುಗಳೂ ವೆಚ್ಚವಾಗುತ್ತಿದ್ದವು. ಅಂದರೆ ಎಂಟು ಸೆಕ್ಟರುಗಳಿಗೆ ೫೨೦ ಬೈಟುಗಳು. ಆ ಎಂಟನ್ನೂ ಕೂಡಿಸಿ ೪೦೯೬ ಬೈಟಿನ ಒಂದೇ ಸೆಕ್ಟರನ್ನಾಗಿ ಮಾಡಿದರೆ ತೆರಪಿಗೆ ೧೫, ದೋಷಪರಿಹಾರಕ್ಕೆ ೧೦೦, ಒಟ್ಟು ೧೧೫ ಬೈಟುಗಳು ಸಾಕು. ಬಿಲ್ಲೆಯ ಮೇಲಿನ ಜಾಗದಲ್ಲಿ ದತ್ತಾಂಶಕ್ಕೆ ದೊರೆಯುವ ಪಾಲು ನೂರಕ್ಕೆ ಸುಮಾರು ೮೯ರಿಂದ ೯೭ಕ್ಕೆ ಏರುತ್ತದೆ. ಅಲ್ಲದೆ ದೀರ್ಘವಾದ ಸಂಕೇತವು ದೊಡ್ಡ ದೋಷಗಳನ್ನೂ ತಿದ್ದಬಲ್ಲದು. ಸಣ್ಣ ಗರಿಗಳಿಗಿಂತ ಅಗಲವಾದ ಗರಿಗಳಲ್ಲಿ ಬರೆದಾಗ ಅಂಚಿಗೆ ಹೋಗುವ ಜಾಗ ಕಡಮೆಯಾಗುವುದು ಲಿಪಿಕಾರರಿಗೆ ತಿಳಿದ ವಿಷಯವೇ ಆಗಿದೆ.

ಈ ಹೊಸ ಅಳತೆಗೆ 'ಅಡ್ವಾನ್ಸ್ಡ್ ಫಾರ್ಮ್ಯಾಟ್' ಎಂಬ ಹೆಸರು ಬಂದಿದೆ. ೨೦೦೯ರ ಕೊನೆಯಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಇಂತಹ ಡಿಸ್ಕುಗಳು ಮಾರುಕಟ್ಟೆಗೆ ಬಂದವು. ೨೦೧೧ರ ಜನವರಿಯಿಂದ ಮೇಜಿನ ಗಣಕಗಳಿಗೂ ಮಡಿಲ ಗಣಕಗಳಿಗೂ ತಯಾರಿಸುವ ಹೊಸ ಮಾದರಿಗಳಲ್ಲಿ ಇದನ್ನೇ ಅನುಸರಿಸುವುದಾಗಿ ಡಿಸ್ಕು ತಯಾರಕರು ಒಪ್ಪಿಕೊಂಡರು.

ಆದರೆ ೫೧೨ನ್ನೇ ನಂಬಿದ ಕ್ರಮವಿಧಿಗಳು ಲೋಕದಲ್ಲೆಲ್ಲ ಹರಡಿದ್ದವು. ಅವುಗಳ ಸಲುವಾಗಿ ಒಂದು ಮಧ್ಯಮಮಾರ್ಗವನ್ನು ಕಲ್ಪಿಸಲಾಯಿತು. ಬಿಲ್ಲೆಯ ಮೇಲೆ ನಿಜವಾಗಿ ಇರುವ ಸೆಕ್ಟರನ್ನು ಭೌತಿಕ ಸೆಕ್ಟರೆಂದೂ, ಡಿಸ್ಕು ಹೊರಗಿನವರಿಗೆ ಹೇಳಿಕೊಳ್ಳುವ ಸೆಕ್ಟರನ್ನು ತಾರ್ಕಿಕ ಸೆಕ್ಟರೆಂದೂ ಕರೆಯುವುದಾದರೆ, ಡಿಸ್ಕುಗಳು ಮೂರು ಬಗೆಯಾಗುತ್ತವೆ. (ಅ) ಭೌತಿಕವೂ ತಾರ್ಕಿಕವೂ ೫೧೨ ಆಗಿರುವ ಹಳೆಯ ಬಗೆ. (ಆ) ಭೌತಿಕ ೪೦೯೬ ಇದ್ದು, ಹೊರಗೆ ೫೧೨ ಎಂದು ಹೇಳಿಕೊಳ್ಳುವ ಬಗೆ. ಇದಕ್ಕೆ '೫೧೨ಇ' ಎಂದು ಹೆಸರು. (ಇ) ಎರಡೂ ೪೦೯೬ ಆಗಿರುವ ಬಗೆ, ಇದು '೪ಕೆಎನ್'. ಮೂರನೆಯದನ್ನು ವಿಂಡೋಸ್ ೭ ಅರಿಯದು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಅದಕ್ಕೆ ಮಾನ್ಯತೆ ದೊರೆಯಿತು.

೩. ಕಡತವ್ಯವಸ್ಥೆಯ ಲೆಕ್ಕ

ಡಿಸ್ಕಿಗೆ ತಿಳಿದಿರುವುದು ಸೆಕ್ಟರಿನ ಕ್ರಮಾಂಕ ಮಾತ್ರ. ಇಂತಹ ಹೆಸರಿನ ಕಡತವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪರಿವಿಡಿಯನ್ನು ಇಟ್ಟುಕೊಳ್ಳುವುದು ಕಡತವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್. ಇದು ಹಲವು ಸೆಕ್ಟರುಗಳನ್ನು ಕೂಡಿಸಿ ಒಂದು ಕ್ಲಸ್ಟರೆಂದೋ ಬ್ಲಾಕೆಂದೋ ಎಣಿಸಿಕೊಳ್ಳುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ೧೬ ಟೆರಾಬೈಟಿನವರೆಗಿನ ವಿಭಾಗಗಳಿಗೆ ಕ್ಲಸ್ಟರಿನ ವಾಡಿಕೆಯ ಅಳತೆ ೪೦೯೬ ಬೈಟು. ಲಿನಕ್ಸಿನ ಇಎಕ್ಸ್‌ಟಿ೪ ವ್ಯವಸ್ಥೆಯ ಬ್ಲಾಕು ಸಾಮಾನ್ಯವಾಗಿ ಅಷ್ಟೇ.

ಸೆಕ್ಟರಿನ ಅಳತೆಯ ವಿಷಯದಲ್ಲಿ ಎಲ್ಲ ಕಡತವ್ಯವಸ್ಥೆಗಳ ನಡತೆ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್ ವ್ಯವಸ್ಥೆಗಳು ತಮ್ಮ ಮೊದಲ ಸೆಕ್ಟರಿನಲ್ಲಿಯೇ 'ಸೆಕ್ಟರಿಗೆ ಇಷ್ಟು ಬೈಟು' ಎಂದು ಬರೆದಿಟ್ಟುಕೊಳ್ಳುತ್ತವೆ. ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿಯೂ ಇಂತಹ ದಾಖಲೆಯುಂಟು. ಈ ದಾಖಲೆಗೂ ಡಿಸ್ಕು ಈಗ ಹೇಳಿಕೊಳ್ಳುತ್ತಿರುವ ಅಳತೆಗೂ ವಿರೋಧ ಬಂದರೆ ವಿಂಡೋಸ್ ಆ ವಿಭಾಗವನ್ನು ತೆರೆಯುವುದಿಲ್ಲ. ಲಿನಕ್ಸಿನ ಎಕ್ಸ್‌ಎಫ್‌ಎಸ್ ವ್ಯವಸ್ಥೆಯನ್ನು ೫೧೨ರ ಲೆಕ್ಕದಲ್ಲಿ ರಚಿಸಿದ್ದು, ಅದು ೪೦೯೬ರ ಡಿಸ್ಕಿನ ಮೇಲೆ ಬಂದರೆ ತೆರೆಯಲು ನಿರಾಕರಿಸುತ್ತದೆ. ಇಎಕ್ಸ್‌ಟಿ೪ ಇವುಗಳಿಗಿಂತ ಉದಾರ. ಅದು ತನ್ನ ಬ್ಲಾಕಿನ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳುವುದರಿಂದ, ಬ್ಲಾಕು ಸೆಕ್ಟರಿಗಿಂತ ಚಿಕ್ಕದಾಗಿರದಿದ್ದರೆ ಸಾಕು. ೪೦೯೬ರ ಬ್ಲಾಕು ಎರಡು ಬಗೆಯ ಡಿಸ್ಕಿನಲ್ಲಿಯೂ ನಡೆಯುತ್ತದೆ. ೧೦೨೪ರ ಬ್ಲಾಕು ೪ಕೆಎನ್ ಡಿಸ್ಕಿನಲ್ಲಿ ನಡೆಯುವುದಿಲ್ಲ.

ಕಡತವ್ಯವಸ್ಥೆಗೂ ಹೊರಗೆ ಇನ್ನೊಂದು ಪಟ್ಟಿಯುಂಟು. ಡಿಸ್ಕನ್ನು ಎಷ್ಟು ವಿಭಾಗಗಳಾಗಿ ಮಾಡಿದೆ, ಪ್ರತಿಯೊಂದೂ ಎಲ್ಲಿ ಆರಂಭ ಎಂಬುದನ್ನು ತಿಳಿಸುವ ವಿಭಾಗಪಟ್ಟಿ ಅದು. ೧೯೮೩ರಿಂದ ಬಳಕೆಯಲ್ಲಿರುವ ಎಂಬಿಆರ್ ಎಂಬ ಪಟ್ಟಿಯು ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳಲ್ಲಿ ಅಡಕವಾಗಿದೆ. ಅದರ ೪೪೬ನೆಯ ಬೈಟಿನಿಂದ ತಲಾ ೧೬ ಬೈಟುಗಳ ನಾಲ್ಕು ನಮೂದುಗಳಿರುತ್ತವೆ. ಪ್ರತಿ ನಮೂದಿನಲ್ಲಿ ವಿಭಾಗದ ಆರಂಭವೂ ಉದ್ದವೂ ಸೆಕ್ಟರುಗಳ ಲೆಕ್ಕದಲ್ಲಿ ಬರೆದಿರುತ್ತವೆ. ಆದರೆ ಒಂದು ಸೆಕ್ಟರೆಂದರೆ ಎಷ್ಟು ಬೈಟು ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ! ಓದುವವರಿಗೆ ತಿಳಿದಿದೆ ಎಂಬ ಊಹೆಯ ಮೇಲೆ ಅದನ್ನು ಬಿಟ್ಟಿದೆ. ಹಸ್ತಪ್ರತಿಯ ಸೂಚಿಯೊಂದರಲ್ಲಿ 'ಇಂತಹ ಸಂಧಿ ೪೦ರಿಂದ' ಎಂದಷ್ಟೇ ಬರೆದು, ಆ ೪೦ ಗರಿಯ ಲೆಕ್ಕವೋ ಮಗ್ಗುಲಿನ ಲೆಕ್ಕವೋ ಎಂದು ಹೇಳದೆ ಬಿಟ್ಟಂತೆ ಇದು. ಮಗ್ಗುಲಿನ ಲೆಕ್ಕದಲ್ಲಿ ಬರೆದುದನ್ನು ಗರಿಯ ಲೆಕ್ಕದಲ್ಲಿ ಹುಡುಕಿದವರು ಗ್ರಂಥದ ಬೇರೊಂದು ಭಾಗಕ್ಕೆ ಹೋಗಿ, ಸಂಧಿಯೇ ಲುಪ್ತವಾಗಿದೆಯೆಂದು ತೀರ್ಮಾನಿಸಿಯಾರು. ಸಂಧಿಯು ತನ್ನ ಜಾಗದಲ್ಲಿಯೇ ಇರುತ್ತದೆ.

ಈಚಿನ ಜಿಪಿಟಿ ಎಂಬ ಪಟ್ಟಿಯ ಸ್ಥಿತಿಯೂ ಮೂಲತಃ ಇದೇ. ಅದರ ಶಿರೋಲೇಖವು ೧ನೆಯ ಕ್ರಮಾಂಕದ ಸೆಕ್ಟರಿನಲ್ಲಿರಬೇಕೆಂಬುದು ನಿಯಮ. ೫೧೨ರ ಲೆಕ್ಕದಲ್ಲಿ ಅದು ೫೧೨ನೆಯ ಬೈಟಿನಲ್ಲಿಯೂ ೪೦೯೬ರ ಲೆಕ್ಕದಲ್ಲಿ ೪೦೯೬ನೆಯ ಬೈಟಿನಲ್ಲಿಯೂ ಇರುತ್ತದೆ. ಒಂದು ಲೆಕ್ಕದಲ್ಲಿ ಬರೆದ ಶಿರೋಲೇಖವು ಇನ್ನೊಂದು ಲೆಕ್ಕದಲ್ಲಿ ಹುಡುಕುವವರಿಗೆ ಸಿಕ್ಕುವುದಿಲ್ಲ.

೪. ಆರಂಭಸ್ಥಾನದ ಪ್ರಶ್ನೆ

೫೧೨ಇ ಬಗೆಯ ಡಿಸ್ಕಿನಲ್ಲಿ ಕಾಣುವ ತೊಂದರೆ ನಾಶದ್ದಲ್ಲ, ನಿಧಾನದ್ದು. ಹಳೆಯ ಪದ್ಧತಿಯಲ್ಲಿ ಟ್ರ್ಯಾಕೊಂದಕ್ಕೆ ೬೩ ಸೆಕ್ಟರುಗಳೆಂದು ಎಣಿಸಿ, ಮೊದಲ ಟ್ರ್ಯಾಕನ್ನು ವಿಭಾಗಪಟ್ಟಿಗೆ ಬಿಟ್ಟು, ೬೩ನೆಯ ಕ್ರಮಾಂಕದಿಂದ ಮೊದಲ ವಿಭಾಗವನ್ನು ಆರಂಭಿಸುತ್ತಿದ್ದರು. ವಿಂಡೋಸ್ ಎಕ್ಸ್‌ಪಿಯವರೆಗೂ ಇದೇ ಕ್ರಮ. ೬೩ ಎಂಬುದು ೮ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಪರಿಣಾಮವಾಗಿ ೪೦೯೬ ಬೈಟಿನ ಪ್ರತಿಯೊಂದು ಕ್ಲಸ್ಟರೂ ಎರಡು ಭೌತಿಕ ಸೆಕ್ಟರುಗಳ ಮೇಲೆ ಚಾಚಿಕೊಳ್ಳುತ್ತದೆ: ಎಂಟರಲ್ಲಿ ಒಂದು ಪಾಲು ಹಿಂದಿನದರಲ್ಲಿ, ಏಳು ಪಾಲು ಮುಂದಿನದರಲ್ಲಿ. ಅಂತಹ ಒಂದು ಕ್ಲಸ್ಟರನ್ನು ಮಾತ್ರ ಬರೆಯಬೇಕಾದಾಗ ಡಿಸ್ಕು ಎರಡೂ ಸೆಕ್ಟರುಗಳನ್ನು ಮೊದಲು ಓದಿ, ಬೇಕಾದಷ್ಟನ್ನು ತಿದ್ದಿ, ಎರಡನ್ನೂ ಮತ್ತೆ ಬರೆಯಬೇಕು. ಕೆಲಸ ನಿಧಾನವಾಗುವುದಲ್ಲದೆ, ನಡುವೆ ವಿದ್ಯುತ್ತು ನಿಂತರೆ ತಿದ್ದಬೇಕಾಗಿಲ್ಲದ ನೆರೆಯ ಭಾಗಕ್ಕೂ ಅಪಾಯ ತಟ್ಟಬಹುದು.

೨೦೦೭ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಮೊದಲ ವಿಭಾಗವು ೨೦೪೮ನೆಯ ಕ್ರಮಾಂಕದಲ್ಲಿ, ಅಂದರೆ ಸರಿಯಾಗಿ ೧೦,೪೮,೫೭೬ನೆಯ ಬೈಟಿನಲ್ಲಿ ಆರಂಭವಾಗುತ್ತದೆ. ಇದು ೮ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ತೊಡಕಿಲ್ಲ. ಮೇಲೆ ಹೇಳಿದ ೨೦೦೯ರ ಡಿಸ್ಕುಗಳಲ್ಲಿ, ಎಕ್ಸ್‌ಪಿ ಬಳಸುವವರಿಗಾಗಿ ಎರಡು ಮುಳ್ಳುಗಳನ್ನು ಒಂದು ಸಣ್ಣ ಕೊಂಡಿಯಿಂದ ಜೋಡಿಸುವ ಏರ್ಪಾಟಿತ್ತು. ಕೊಂಡಿ ಇದ್ದಾಗ ಡಿಸ್ಕು ಎಲ್ಲ ಕ್ರಮಾಂಕಗಳಿಗೂ ಒಂದನ್ನು ಕೂಡಿಸಿಕೊಂಡು, ೬೩ನ್ನು ೬೪ ಎಂದು ಭಾವಿಸುತ್ತಿತ್ತು. ದತ್ತಾಂಶ ತುಂಬಿದ ಮೇಲೆ ಆ ಕೊಂಡಿಯನ್ನು ಕಿತ್ತರೆ ಎಲ್ಲ ಕ್ರಮಾಂಕಗಳೂ ಒಂದೊಂದು ಸ್ಥಾನ ಸರಿದು, ಇಡೀ ಡಿಸ್ಕು ಓದಲಾಗದಂತಾಗುತ್ತದೆ. ಲೆಕ್ಕದಲ್ಲಿ ಒಂದರ ವ್ಯತ್ಯಾಸವೇ ಇಷ್ಟು ಮಾಡುವುದಾದರೆ ಎಂಟುಪಟ್ಟಿನ ವ್ಯತ್ಯಾಸದ ಫಲವನ್ನು ಊಹಿಸಬಹುದು.

೫. ಪೆಟ್ಟಿಗೆಯಿಂದ ಹೊರತೆಗೆದ ಡಿಸ್ಕು

ಸಂಗ್ರಹಾಲಯಗಳಿಗೆ ನಿಜವಾಗಿ ಆತಂಕ ತರುವ ಸಂದರ್ಭ ಇದು. ಎಂಬಿಆರ್ ಪಟ್ಟಿಯಲ್ಲಿ ಸೆಕ್ಟರಿನ ಕ್ರಮಾಂಕಕ್ಕೆ ೩೨ ದ್ವಿಮಾನ ಸ್ಥಾನಗಳಿವೆ. ಆದುದರಿಂದ ಎಣಿಸಬಹುದಾದ ಸೆಕ್ಟರುಗಳು ೪೨೯,೪೯,೬೭,೨೯೬ ಮಾತ್ರ. ಸೆಕ್ಟರಿಗೆ ೫೧೨ರಂತೆ ಇದು ಸುಮಾರು ೨.೨ ಟೆರಾಬೈಟು. ೨೦೧೦ರ ಹೊತ್ತಿಗೆ ೩ ಟೆರಾಬೈಟಿನ ಡಿಸ್ಕುಗಳು ಬಂದವು. ಅವುಗಳಲ್ಲಿ ೫೧೨ರ ಲೆಕ್ಕದಲ್ಲಿ ೫೮೬,೦೫,೩೩,೧೬೮ ಸೆಕ್ಟರುಗಳು. ಎಂಬಿಆರ್ ಪಟ್ಟಿಗೆ ಎಟುಕದ ಸಂಖ್ಯೆ. ಜಿಪಿಟಿಯನ್ನು ಬಳಸಿದರೆ ಈ ಮಿತಿಯಿಲ್ಲ. ಆದರೆ ಆಗ ಎಲ್ಲೆಡೆ ಬಳಕೆಯಲ್ಲಿದ್ದ ೩೨ ಬಿಟ್ಟಿನ ವಿಂಡೋಸ್ ಎಕ್ಸ್‌ಪಿಗೆ ಜಿಪಿಟಿ ತಿಳಿಯದು.

ಹೊರಗಿನಿಂದ ಯುಎಸ್‌ಬಿ ತಂತಿಯ ಮೂಲಕ ಜೋಡಿಸುವ ಡಿಸ್ಕುಗಳ ತಯಾರಕರು ಇದಕ್ಕೊಂದು ಉಪಾಯ ಕಂಡುಕೊಂಡರು. ಪೆಟ್ಟಿಗೆಯೊಳಗೆ ಡಿಸ್ಕಿಗೂ ಯುಎಸ್‌ಬಿಗೂ ನಡುವೆ ಒಂದು ಸಣ್ಣ ವಿದ್ಯುನ್ಮಾನ ಫಲಕವಿರುತ್ತದೆ. ಒಳಗಿನ ಡಿಸ್ಕು ೫೧೨ ಎಂದು ಹೇಳಿದರೂ ಈ ಫಲಕವು ಎಂಟೆಂಟು ಸೆಕ್ಟರುಗಳನ್ನು ಒಟ್ಟುಗೂಡಿಸಿ, ಗಣಕಯಂತ್ರಕ್ಕೆ ೪೦೯೬ ಎಂದು ಹೇಳುವಂತೆ ಮಾಡಿದರು. ಆಗ ಸೆಕ್ಟರುಗಳ ಸಂಖ್ಯೆ ೭೩,೨೫,೬೬,೬೪೬ಕ್ಕೆ ಇಳಿಯಿತು. ಎಂಬಿಆರ್ ಪಟ್ಟಿಯೇ ಸಾಕಾಯಿತು. ಪೆಟ್ಟಿಗೆ ಸುಸ್ಥಿತಿಯಲ್ಲಿರುವವರೆಗೆ ಬಳಸುವವರಿಗೆ ಇದಾವುದೂ ತಿಳಿಯಬೇಕಾಗಿಯೇ ಇಲ್ಲ.

ಕೆಲವು ವರ್ಷಗಳ ಮೇಲೆ ಫಲಕವು ಸುಟ್ಟಿತೆಂದೋ ಯುಎಸ್‌ಬಿ ಕಿಂಡಿ ಮುರಿಯಿತೆಂದೋ ಭಾವಿಸೋಣ. ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ಡಿಸ್ಕನ್ನು ನೇರವಾಗಿ ಗಣಕಯಂತ್ರಕ್ಕೆ ಜೋಡಿಸಲಾಗುತ್ತದೆ. ಈಗ ಡಿಸ್ಕು ತನ್ನ ಮಾತಿನಂತೆ ೫೧೨ ಎನ್ನುತ್ತದೆ. ವಿಭಾಗಪಟ್ಟಿಯಲ್ಲಿ 'ಆರಂಭ ೨೫೬' ಎಂದಿದೆ. ಬರೆದಾಗ ಅದರ ಅರ್ಥ ೨೫೬ × ೪೦೯೬, ಅಂದರೆ ೧೦,೪೮,೫೭೬ನೆಯ ಬೈಟು. ಈಗ ಓದುವಾಗ ಅದರ ಅರ್ಥ ೨೫೬ × ೫೧೨, ಅಂದರೆ ೧,೩೧,೦೭೨ನೆಯ ಬೈಟು. ಅಲ್ಲಿ ಕಡತವ್ಯವಸ್ಥೆಯ ಆರಂಭವಿಲ್ಲ. ವಿಭಾಗದ ಉದ್ದವೂ ಎಂಟರಲ್ಲಿ ಒಂದು ಪಾಲಾಗಿ, ೩ ಟೆರಾಬೈಟಿನ ವಿಭಾಗವು ಸುಮಾರು ೩೭೫ ಗಿಗಾಬೈಟಿನದಾಗಿ ಕಾಣುತ್ತದೆ. ಈ ಎಂಟನೆಯ ಒಂದು ಪಾಲು ರೋಗಲಕ್ಷಣವಿದ್ದಂತೆ. ಇದು ಕಂಡೊಡನೆ ಸೆಕ್ಟರ್ ಪರಿಮಾಣದ ವಿರೋಧವನ್ನು ಸಂದೇಹಿಸಬೇಕು. ಇದಕ್ಕೆ ವಿಪರ್ಯಯವಾಗಿ, ನೇರವಾಗಿ ಜೋಡಿಸಿ ತುಂಬಿದ ಡಿಸ್ಕನ್ನು ೪೦೯೬ ಎನ್ನುವ ಪೆಟ್ಟಿಗೆಯೊಳಗೆ ಇಟ್ಟರೂ ಇದೇ ಗತಿ: ೨೦೪೮ ಎಂಬ ಆರಂಭವನ್ನು ಗಣಕವು ೮೩,೮೮,೬೦೮ನೆಯ ಬೈಟಿನಲ್ಲಿ ಹುಡುಕುತ್ತದೆ.

ಈ ಹಂತದಲ್ಲಿ ವಿಂಡೋಸ್ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಎಂದು. ಸಂಗ್ರಹದ ಅಳಿವು ಉಳಿವು ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿದೆ. ಈವರೆಗೆ ಒಂದು ಚಿತ್ರವೂ ನಷ್ಟವಾಗಿಲ್ಲ. ಒಪ್ಪಿಗೆ ಕೊಟ್ಟ ಕ್ಷಣದಿಂದ ನಷ್ಟ ಆರಂಭ. ಕ್ಷಿಪ್ರ ಫಾರ್ಮ್ಯಾಟು ಹೊಸ ಪರಿವಿಡಿಯನ್ನು ಹಳೆಯ ದತ್ತಾಂಶದ ಮೇಲೆಯೇ ಬರೆಯುತ್ತದೆ. ಪೂರ್ಣ ಫಾರ್ಮ್ಯಾಟು ವಿಸ್ಟಾದಿಂದ ಈಚೆಗೆ ವಿಭಾಗದ ಉದ್ದಕ್ಕೂ ಸೊನ್ನೆಗಳನ್ನು ತುಂಬುತ್ತದೆ. ಸೊನ್ನೆ ತುಂಬಿದ ಭಾಗವನ್ನು ಮರಳಿ ಪಡೆಯುವ ಮಾರ್ಗವಿಲ್ಲ. 'ಡಿಸ್ಕನ್ನು ಇನಿಶಿಯಲೈಸ್ ಮಾಡಿ' ಎಂಬ ಸೂಚನೆಯನ್ನೂ, ಡಿಸ್ಕನ್ನು ದುರಸ್ತಿ ಮಾಡುವ ಕ್ರಮವಿಧಿಗಳನ್ನೂ ಈ ಸ್ಥಿತಿಯಲ್ಲಿ ಒಪ್ಪಬಾರದು. ಅವು ತಪ್ಪು ಲೆಕ್ಕವನ್ನೇ ಸರಿಯೆಂದು ನಂಬಿ ತಿದ್ದತೊಡಗುತ್ತವೆ. ಗ್ರಂಥವನ್ನು ಅರಿಯದ ತಿದ್ದುಗಾರನಿಂದ ಪಾಠಕ್ಕೆ ಆಗುವ ಹಾನಿ ಓಲೆಹುಳುವಿನಿಂದ ಆಗುವುದಕ್ಕಿಂತ ಕಡಮೆಯಲ್ಲ.

೬. ಮರಳಿ ಪಡೆಯುವ ಕ್ರಮ

ಮೊದಲನೆಯದಾಗಿ ಡಿಸ್ಕಿಗೆ ಏನನ್ನೂ ಬರೆಯದೆ ಅದನ್ನು ಪ್ರತ್ಯೇಕವಾಗಿಡಬೇಕು. ಅದೇ ಮಾದರಿಯ ಬೇರೊಂದು ಪೆಟ್ಟಿಗೆ, ಅಂದರೆ ೪೦೯೬ ಎಂದೇ ಹೇಳುವ ಫಲಕವುಳ್ಳದ್ದು ದೊರೆತರೆ, ಡಿಸ್ಕನ್ನು ಅದರಲ್ಲಿಟ್ಟು ನೋಡುವುದು ಸುಲಭೋಪಾಯ. ಕೆಲವು ಪೆಟ್ಟಿಗೆಗಳ ಫಲಕವು ದತ್ತಾಂಶವನ್ನು ಗೂಢಲಿಪಿಗೆ ಪರಿವರ್ತಿಸಿ ಬರೆಯುತ್ತದೆ. ಅಂತಹ ಡಿಸ್ಕು ನೇರವಾಗಿ ಜೋಡಿಸಿದರೆ ಯಾವ ಲೆಕ್ಕದಲ್ಲಿಯೂ ಅರ್ಥವಾಗುವುದಿಲ್ಲ. ಅದಕ್ಕೆ ಹೊಂದುವ ಫಲಕವೇ ಬೇಕು.

ಪೆಟ್ಟಿಗೆ ದೊರೆಯದಿದ್ದರೆ ಲಿನಕ್ಸಿನಲ್ಲಿ ಇನ್ನೊಂದು ದಾರಿಯಿದೆ. ಡಿಸ್ಕಿನ ಮೇಲೆ 'ಲೂಪ್ ಸಾಧನ' ಎಂಬ ಕಲ್ಪಿತ ಡಿಸ್ಕನ್ನು ಓದುವುದಕ್ಕೆ ಮಾತ್ರ ಎಂಬ ನಿಬಂಧನೆಯೊಡನೆ ರಚಿಸಿ, ಅದರ ಸೆಕ್ಟರ್ ಪರಿಮಾಣವನ್ನು ೪೦೯೬ ಎಂದು ನಿಗದಿ ಮಾಡಬಹುದು. ಆಗ ವಿಭಾಗಪಟ್ಟಿಯ ೨೫೬ಕ್ಕೆ ಮೊದಲಿನ ಅರ್ಥವೇ ಬಂದು, ಮುಚ್ಚಿದ್ದ ಸಂಗ್ರಹವೆಲ್ಲ ತೆರೆದುಕೊಳ್ಳುತ್ತದೆ. ಸುಟ್ಟುಹೋದ ಫಲಕವು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಕ್ರಮವಿಧಿಯು ಮಾಡುತ್ತದೆ. ತೆರೆದ ಮೇಲೆ ಕಡತಗಳನ್ನು ಬೇರೊಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳಬೇಕು.

ಇಲ್ಲಿ ಪ್ರತಿ ಮಾಡುವ ಎರಡು ವಿಧಾನಗಳ ಭೇದವನ್ನು ತಿಳಿಯುವುದು ಅವಶ್ಯ. ಸೆಕ್ಟರಿಗೆ ಸೆಕ್ಟರಿನಂತೆ ಇಡೀ ಡಿಸ್ಕಿನ ಪ್ರತಿರೂಪವನ್ನು ತೆಗೆಯುವುದು ಒಂದು. ಕಡತಗಳನ್ನು ಒಂದೊಂದಾಗಿ ಪ್ರತಿ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ವಿಭಾಗಪಟ್ಟಿ ಪರಿವಿಡಿಗಳ ಹಳೆಯ ಅಂಕೆಗಳು ಹಾಗೆಯೇ ಹೊಸ ಡಿಸ್ಕಿಗೆ ಬರುತ್ತವೆ. ಹೊಸ ಡಿಸ್ಕಿನ ತಾರ್ಕಿಕ ಸೆಕ್ಟರು ಬೇರೆಯಾಗಿದ್ದರೆ ಅವೆಲ್ಲ ಸುಳ್ಳಾಗುತ್ತವೆ. ಎರಡನೆಯದರಲ್ಲಿ ಹೊಸ ಡಿಸ್ಕಿನ ಕಡತವ್ಯವಸ್ಥೆಯು ತನ್ನ ಅಳತೆಗೆ ತಕ್ಕ ಹೊಸ ಅಂಕೆಗಳನ್ನು ತಾನೇ ಬರೆದುಕೊಳ್ಳುತ್ತದೆ. ಹಿಂದಿನ ಪ್ರತಿಕಾರರು ಅನುಸರಿಸಿದ್ದು ಈ ಎರಡನೆಯ ಕ್ರಮವನ್ನೇ. ಮಾತೃಕೆಯ ಗರಿ ಚಿಕ್ಕದಿದ್ದು ತಮ್ಮ ಗರಿ ದೊಡ್ಡದಿದ್ದರೆ ಅವರು ಪಾಠವನ್ನು ಉಳಿಸಿಕೊಂಡು ಗರಿಯ ಅಂಕಗಳನ್ನು ಹೊಸದಾಗಿ ಹಾಕುತ್ತಿದ್ದರು. ಪ್ರತಿರೂಪಕ್ಕೂ ಅದರದೇ ಆದ ಸ್ಥಾನವುಂಟು. ಡಿಸ್ಕು ಭೌತಿಕವಾಗಿ ಶಿಥಿಲವಾಗಿದ್ದರೆ ಮೊದಲು ಪ್ರತಿರೂಪವನ್ನು ತೆಗೆದು, ಅದರ ಮೇಲೆಯೇ ಮುಂದಿನ ಶೋಧನೆ ನಡೆಸಬೇಕು. ಆದರೆ ಆಗ ಮೂಲದ ಸೆಕ್ಟರ್ ಪರಿಮಾಣವನ್ನು ಪ್ರತಿರೂಪದ ಜೊತೆಯಲ್ಲಿ ಬರೆದಿಡದಿದ್ದರೆ ಅದು ಪೂರ್ಣವಾದ ದಾಖಲೆಯಾಗದು.

೭. ಸಂಗ್ರಹಾಲಯಗಳು ಅನುಸರಿಸಬಹುದಾದ ನಿಯಮಗಳು

(೧) ಡಿಸ್ಕಿನ ಸೇರ್ಪಡೆಯ ವಹಿಯಲ್ಲಿ ಸಾಮರ್ಥ್ಯ, ಕಡತವ್ಯವಸ್ಥೆ, ವಿಭಾಗಪಟ್ಟಿಯ ಬಗೆ ಇವುಗಳೊಡನೆ ತಾರ್ಕಿಕ ಮತ್ತು ಭೌತಿಕ ಸೆಕ್ಟರ್ ಪರಿಮಾಣಗಳನ್ನೂ ನಮೂದಿಸಬೇಕು. ವಿಂಡೋಸಿನ 'ಸಿಸ್ಟಮ್ ಇನ್ಫರ್ಮೇಶನ್' ಎಂಬಲ್ಲಿ ಡಿಸ್ಕುಗಳ ಪುಟದ 'ಬೈಟ್ಸ್/ಸೆಕ್ಟರ್' ಎಂಬ ಸಾಲು ತಾರ್ಕಿಕ ಪರಿಮಾಣವನ್ನು ತಿಳಿಸುತ್ತದೆ. ಲಿನಕ್ಸಿನ 'ಎಲ್‌ಎಸ್‌ಬಿಎಲ್‌ಕೆ' ಎಂಬ ಆಜ್ಞೆಯಿಂದ ಎರಡನ್ನೂ ತಿಳಿಯಬಹುದು.

(೨) ಪೆಟ್ಟಿಗೆಯ ಡಿಸ್ಕಾದರೆ, ಪೆಟ್ಟಿಗೆಯೊಡನೆ ಜೋಡಿಸಿದಾಗ ಕಂಡ ಪರಿಮಾಣವನ್ನು ಪೆಟ್ಟಿಗೆಯ ಮೇಲೆಯೂ ಬರೆದು ಅಂಟಿಸಬೇಕು.

(೩) ದೊಡ್ಡ ಯಂತ್ರಗಳಿಂದ ಕಳಚಿ ಮಾರುವ ಹಳೆಯ ಡಿಸ್ಕುಗಳಲ್ಲಿ ಸೆಕ್ಟರಿಗೆ ೫೨೦ ಅಥವಾ ೫೨೮ ಬೈಟುಗಳಿರುವುದುಂಟು. ಇವುಗಳನ್ನು ಸಾಮಾನ್ಯ ಗಣಕಗಳು ಸ್ವೀಕರಿಸುವುದಿಲ್ಲ. ೫೧೨ಕ್ಕೆ ಪರಿವರ್ತಿಸಿದರೆ ಒಳಗಿದ್ದುದೆಲ್ಲ ಅಳಿಯುತ್ತದೆ. ಬೆಲೆ ಅಗ್ಗವೆಂದು ಕೊಳ್ಳುವ ಮೊದಲು ವಿಚಾರಿಸುವುದು ಒಳ್ಳೆಯದು.

(೪) ಪ್ರತಿಗಳನ್ನು ಕಡತಗಳ ರೂಪದಲ್ಲಿ, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು. ಪ್ರತಿಯೊಂದು ಕಡತದ ಪರಿಶೀಲನಾಂಕವನ್ನು, ಉದಾಹರಣೆಗೆ ಎಸ್‌ಎಚ್‌ಎ-೨೫೬ ಕ್ರಮದಲ್ಲಿ ಗಣಿಸಿ ಬರೆದಿಟ್ಟರೆ, ಪ್ರತಿಯು ಮೂಲಕ್ಕೆ ಅಕ್ಷರಶಃ ಸಮವಾಗಿದೆಯೇ ಎಂದು ಎಂದಾದರೂ ನೋಡಬಹುದು.

(೫) ಗಣಕಯಂತ್ರವು ಫಾರ್ಮ್ಯಾಟ್ ಮಾಡಲು ಅನುಮತಿ ಕೇಳಿದಾಗ, ಸಂಗ್ರಹದ ಹೊಣೆ ಹೊತ್ತವರ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಒಪ್ಪಬಾರದು.

ಒಟ್ಟಿನಲ್ಲಿ, ಡಿಸ್ಕಿನ ಮೇಲಿನ ಅಂಕೆಗಳಿಗೆ ತಮ್ಮಷ್ಟಕ್ಕೆ ತಾವೇ ಅರ್ಥವಿಲ್ಲ. ಯಾವ ಮಾನದಿಂದ ಎಣಿಸಿದ್ದೆಂಬುದು ತಿಳಿದಾಗಲೇ ಅವು ಸ್ಥಾನವನ್ನು ತೋರಿಸುತ್ತವೆ. ಕಾಣದಿರುವುದೆಲ್ಲ ನಷ್ಟವಾದುದಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಮೊದಲು ಮಾನವನ್ನು ವಿಚಾರಿಸಿ ಆಮೇಲೆ ಕ್ರಮ ಕೈಕೊಂಡರೆ, ಲುಪ್ತವೆಂದು ಭಾವಿಸಿದ ಎಷ್ಟೋ ಸಂಗ್ರಹಗಳು ಯಥಾಸ್ಥಿತಿಯಲ್ಲಿ ದೊರೆಯುವುವು.